ಬಾಗಿಲ ಮೇಲೆ ವರ್ನಾಳ ಹೆಸರು

ನಮ್ಮ ಐಡಹೊ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವವರು ಅರ್ಧ ಜನ, ಅದನ್ನು ಲಾರಿಯಲ್ಲಿ ಹೊರುವವರು ಇನ್ನರ್ಧ. ನಾನು ಎರಡೂ ಕಡೆಗೆ ಸೇರದವನು. ಲಾರಿಗಳ ಬಾಗಿಲ ಮೇಲೆ ಮಾಲೀಕರ ಹೆಸರು ಬರೆಯುವುದು ನನ್ನ ಕಸುಬು. ಈಗಿನವರು ಎಲ್ಲಿಂದಲೋ ಅಂಟುಹಾಳೆ ತಂದು ಮೆತ್ತಿಕೊಳ್ಳುತ್ತಾರೆ. ಎರಡು ಬೇಸಿಗೆಗೆ ಅದು ಸುಲಿದು ಬರುತ್ತದೆ. ಅವರಿಗೆ ಹಾಗೇ ಆಗಬೇಕು.

ವರ್ನಾ ಹ್ಯಾಸ್ಕೆಟ್‌ಳನ್ನು ನಾನು ಮೊದಲು ಕಂಡಾಗ ಅವಳಿಗೆ ಏಳು ವರ್ಷ. ಅವಳ ತಮ್ಮ ರಾಯ್ಸ್ ಹುಟ್ಟಿದ ವಾರವೇ ಅವರಪ್ಪ ಆರ್ಲೋ ಲಾರಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ಬಾಗಿಲ ಮೇಲೆ ಅಲ್ಲಿಯವರೆಗೆ ಬರೀ ‘ಹ್ಯಾಸ್ಕೆಟ್’ ಎಂದಿತ್ತು. ಅದರ ಮುಂದೆ ‘ಮತ್ತು ಮಗ’ ಎಂದು ಸೇರಿಸಬೇಕಂತೆ. ವರ್ನಾ ಖಾಲಿ ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು ನನ್ನ ಕುಂಚವನ್ನೇ ನೋಡುತ್ತಿದ್ದಳು.

“ಅಪ್ಪಾ, ಪಾಪುಗೆ ಇನ್ನೂ ಕತ್ತೇ ನಿಂತಿಲ್ಲ. ಲಾರೀಲಿ ನಿನ್ ಜೊತೆ ಬರೋಳು ನಾನಲ್ವಾ?” ಎಂದಳು.

ಆರ್ಲೋ ನಕ್ಕುಬಿಟ್ಟ. “ನೀನು ಮದ್ವೆ ಆಗಿ ಬೇರೆಯವರ ಹೆಸ್ರು ಇಟ್ಕೊಳ್ಳೋಳು ಪುಟ್ಟಿ.”

ಅವಳು ಮದುವೆಯೇನೋ ಆದಳು. ಗಂಡನೊಡನೆ ಹೊಂದಲಿಲ್ಲ. ವಾಪಸ್ಸು ಬಂದು, ಹ್ಯಾಸ್ಕೆಟ್ ಎಂಬ ಹೆಸರನ್ನೇ ಮತ್ತೆ ಇಟ್ಟುಕೊಂಡು, ಅಪ್ಪನ ಲಾರಿ ಹತ್ತಿದಳು. ಹಿಮ ಬಿದ್ದ ಘಟ್ಟಗಳಲ್ಲಿ ಗಂಡಸರು ಲಾರಿ ನಿಲ್ಲಿಸಿ ಕೂತಾಗಲೂ ಇವಳು ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ದಾಟುತ್ತಿದ್ದಳು. ಹಾಗೆ ಅವಳ ಅರ್ಧ ಆಯುಸ್ಸು ‘ಮತ್ತು ಮಗ’ ಎಂದು ಬರೆದ ಬಾಗಿಲ ಹಿಂದೆಯೇ ಕಳೆಯಿತು. ಆರ್ಲೋ ಸತ್ತ ಮೇಲೆ ರಾಯ್ಸ್ ಯಜಮಾನನಾದ. ಹೊಸ ಲಾರಿ ಕೊಂಡಾಗ, ಇನ್ನಾದರೂ ಆ ‘ಮಗ’ನನ್ನು ಬಿಟ್ಟು ಬರೆಸು ಎಂದು ವರ್ನಾ ಕೇಳಿದಳು. ಅಪ್ಪ ಇಟ್ಟ ಹೆಸರು, ಮುಟ್ಟುವುದಿಲ್ಲ ಎಂದ. ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಎದ್ದು ಬಂದಳು. ಕೂಡಿಟ್ಟಿದ್ದನ್ನೆಲ್ಲ ಸುರಿದು, ತಂಪು ಪೆಟ್ಟಿಗೆಯಿರುವ ಹಳೆಯ ಕೆಂಪು ಲಾರಿಯೊಂದನ್ನು ಕೊಂಡಳು.

ಸ್ವಂತ ಹೆಸರಿನಲ್ಲಿ ಬಾಡಿಗೆ ಮಾಲು ಹೊತ್ತು ರಾಜ್ಯದ ಗಡಿ ದಾಟಬೇಕಾದರೆ ಕೇಂದ್ರ ಸರ್ಕಾರದ ಪರ್ಮಿಟ್ ಬೇಕು. ಅರ್ಜಿ ಹಾಕಿದ ಮೇಲೆ ಕೆಲವು ದಿನ ಆಕ್ಷೇಪಣೆಗೆ ಬಿಡುತ್ತಾರೆ. ಈಕೆ ಈ ಕೆಲಸಕ್ಕೆ ಲಾಯಕ್ಕಲ್ಲ ಎಂದು ಯಾರು ಬೇಕಾದರೂ ಬರೆದು ಹಾಕಬಹುದು. ರಾಯ್ಸ್ ಊರಿನ ಡೈನರ್ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ, “ನಾನೇ ಬರೀತೀನಿ ನೋಡ್ತಿರಿ,” ಎಂದಿದ್ದ. ಪರ್ಮಿಟ್ ಬರದಿದ್ದರೆ ಆ ವಯಸ್ಸಿನಲ್ಲಿ ವರ್ನಾ ಮತ್ತೆ ತಮ್ಮನ ಬಾಗಿಲಿಗೇ ಹೋಗಿ ನಿಲ್ಲಬೇಕಿತ್ತು. ನನಗಂತೂ ಅವನ ಮುಖ ಕಂಡರೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ವರ್ನಾ ಹಲ್ಲು ಕಿರಿಯುತ್ತ ಬಂದಳು.

“ನಂಬರ್ ಬಂತು ಎಲ್ಡನ್! ಬರಿ, ದೊಡ್ಡದಾಗಿ ಬರಿ.”

ಬರೆದೆ. ಕೆಂಪಿನ ಮೇಲೆ ಕೆನೆಬಣ್ಣದಲ್ಲಿ ‘ವರ್ನಾ ಹ್ಯಾಸ್ಕೆಟ್’, ಅದರ ಕೆಳಗೆ ಸಾರಿಗೆ ಇಲಾಖೆ ಕೊಟ್ಟ ನಂಬರು. ಹೊಸ ಹೆಸರು ಹೊತ್ತ ಲಾರಿ ಮೊದಲ ಲೋಡಿಗೆ ಹೊರಟಾಗ, ಹೆಸರು ಬರೆದವನು ಪಕ್ಕದ ಸೀಟಿನಲ್ಲಿ ಕೂತು ಮಾಲು ತುಂಬುವ ಕಾರ್ಖಾನೆಯ ಗೇಟಿನವರೆಗೆ ಹೋಗುವುದು ನಮ್ಮ ಕಡೆಯ ರೂಢಿ. ಒಗೆದ ಅಂಗಿ ಹಾಕಿಕೊಂಡು ನಾನೂ ಹೊರಟೆ. ಗಡಿಯಾಚೆ ಯೂಟಾದ ಆಗ್ಡೆನ್‌ಗೆ ಫ್ರೆಂಚ್ ಫ್ರೈಸ್ ಲೋಡು, ಆಲೂಗಡ್ಡೆ ಸೀಳಿ ಕರಿದು ಮಂಜುಗಟ್ಟಿಸಿದ್ದು.

ಗೇಟಿನ ಸಾಲಿನಲ್ಲಿ ನಮ್ಮ ಹಿಂದೆಯೇ ರಾಯ್ಸ್‌ನ ಲಾರಿ ಬಂದು ನಿಂತಿತು. ಅವನು ಇಳಿದು ಬಂದು ವರ್ನಾಳ ಬಾಗಿಲನ್ನು ಒಂದು ಗಳಿಗೆ ನೋಡಿ, ಆಮೇಲೆ ತಟ್ಟಿದ.

“ಏನ್ ತುಂಬ್ತಿದೀಯ?”

“ಫ್ರೈಸ್. ನಿಂಗ್ಯಾಕೆ ಅದು?”

“ಪರ್ಮಿಟ್ ಬಂತಾ?”

“ಕಣ್ ಕಾಣ್ಸಲ್ವಾ? ನಿನ್ ಮೂಗಿನ್ ಮುಂದೇನೇ ಇದೆ.”

“ಇದು ಬರೀ ನಂಬರ್ ಕಣೆ. ಅರ್ಜಿ ಹಾಕಿದ್ ತಕ್ಷಣ ಎಲ್ಲರಿಗೂ ಕೊಡ್ತಾರೆ. ಪರ್ಮಿಟ್ ಬರೋದು ಇನ್ನೂ ಮುಂದಿದೆ. ಹೀಗೇ ಹೋದ್ರೆ ಗಡೀಲಿ ಹಿಡ್ದು ಲಾರಿ ನಿಲ್ಲಿಸ್ಕೋತಾರೆ.”

ವರ್ನಾಳ ಮುಖ ಬಿಳಿಚಿಕೊಂಡಿತು. ನನ್ನ ಮುಖ ಇನ್ನು ಹೇಗಿದ್ದೀತು? ಎಷ್ಟೋ ಬಾಗಿಲುಗಳಿಗೆ ಎಷ್ಟೋ ನಂಬರು ಬರೆದ ನನಗೂ ನಂಬರು ಬಂದರೆ ಎಲ್ಲ ಮುಗಿಯಿತೆಂದೇ ಇತ್ತು. ತಂದೆ ಮತ್ತು ತಮ್ಮನ ಪರ್ಮಿಟ್ಟಿನಲ್ಲೇ ಓಡಿಸಿದವಳು ಅವಳು. ಅವಳಿಗೆ ಯಾರು ಹೇಳಬೇಕು?

“ಹೇಳ್ದೆ ಸುಮ್ನಿದ್ದಿದ್ರೆ ನಿನ್ ಕೆಲ್ಸ ಆಗೋಗ್ತಿತ್ತಲ್ಲ,” ಎಂದಳು ಕೊನೆಗೆ. “ಆಕ್ಷೇಪಣೆ ಬರೆಯೋ ಕಷ್ಟನೂ ತಪ್ತಿತ್ತು.”

ರಾಯ್ಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಬರೆಯೋಕ್ ಕೂತಿದ್ದೆ. ನೀನು ಲಾಯಕ್ಕಲ್ಲ ಅನ್ನೋಕೆ ಕಾರಣ ಬೇಕಲ್ಲ. ಇಷ್ಟು ವರ್ಷಕ್ಕೆ ಲಾರಿ ಕನ್ನಡಿ ಒಂದನ್ನೂ ಒಡೆದಿಲ್ಲ ನೀನು. ಏನಂತ ಬರೀಲಿ?”

ಹಿಂದಿನ ಲಾರಿಯವನು ಹಾರ್ನ್ ಹೊಡೆದ. ರಾಯ್ಸ್ ಅತ್ತ ತಿರುಗಿ, “ಅಯ್ಯೋ ಇರಯ್ಯಾ, ಫ್ರೈಸ್ ಏನು ಹಾರ್ಹೋಗಲ್ಲ!” ಎಂದು ಗದರಿ ಮತ್ತೆ ಇತ್ತ ತಿರುಗಿದ.

“ಕರಿದಿದ್ದಕ್ಕೆ ಪರ್ಮಿಟ್ ಬೇಕು, ಹಸಿ ಆಲೂಗಡ್ಡೆಗೆ ಬೇಡ. ಸೊರೆನ್‌ಸನ್ ಶೆಡ್‌ನಲ್ಲಿ ನಂದೊಂದು ಹಸಿ ಲೋಡ್ ಇದೆ, ಪೆಟ್ಟಿಗೆ ತುಂಬಿಟ್ಟಿದಾರೆ. ಅದೂ ಆಗ್ಡೆನ್‌ಗೇ. ನೀನ್ ತಗೊಂಡ್ಹೋಗು. ಇದನ್ನ ನಾನ್ ಹೊರ್ತೀನಿ.”

ವರ್ನಾ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಲಾರಿ ತಿರುಗಿಸಿದಳು. ದೊಡ್ಡ ರಸ್ತೆಗೆ ಬಂದ ಮೇಲೆ, ಸ್ಟೀರಿಂಗ್ ಹಿಡಿದುಕೊಂಡೇ, ಬಿಕ್ಕಿಬಿಕ್ಕಿ ಅತ್ತಳು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ರಾಯ್ಸ್ ಮೇಲೆ ಇಷ್ಟು ದಿನ ಸಾಕಿಕೊಂಡ ನನ್ನ ಸಿಟ್ಟೆಲ್ಲ ದಂಡವಾಯಿತು.

ಪರ್ಮಿಟ್ ಬರುವವರೆಗೆ ಅವಳು ಹಸಿ ಆಲೂಗಡ್ಡೆ, ಈರುಳ್ಳಿ ಹೊತ್ತುಕೊಂಡು ಓಡಾಡಿದಳು. ಆಕ್ಷೇಪಣೆ ಯಾರಿಂದಲೂ ಬರಲಿಲ್ಲ. ವಿಮೆಯವರು ಸತಾಯಿಸಿ ಸತಾಯಿಸಿ ಕೊನೆಗೆ ಪರ್ಮಿಟ್ಟಿಗೆ ಬೇಕಿದ್ದ ತಮ್ಮ ಕಾಗದ ಕಳಿಸಿದರು. ಪರ್ಮಿಟ್ ಕೈಸೇರಿದ ದಿನ ಡೈನರ್‌ನಲ್ಲಿ ಎಲ್ಲರಿಗೂ ಅವಳ ಖರ್ಚಿನಲ್ಲೇ ಸೇಬಿನ ಪೈ. ನನಗೆ ಎರಡು ಸಿಕ್ಕಿತು.

ಸ್ವಲ್ಪ ದಿನದಲ್ಲಿ ರಾಯ್ಸ್ ಅಪ್ಪನ ಕಾಲದ ನೀಲಿ ಲಾರಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ.

“ಇದನ್ನ ತೆಗಿ ಎಲ್ಡನ್.”

“ಯಾವುದನ್ನ?”

“‘ಮತ್ತು ಮಗ’ನ್ನ. ಸರ್ಕಾರದ ಕಾಗದದಲ್ಲೂ ಕಂಪನಿ ಹೆಸ್ರು ಬದಲಾಯಿಸಿ ಆಯ್ತು.”

“ಆ ಜಾಗದಲ್ಲಿ ಏನ್ ಬರೀಲಿ?”

“ಏನೂ ಬೇಡ.”

ನಾನು ಕೂತು ಕೆರೆದೆ. ಅಕ್ಷರವೇನೋ ಹೋಯಿತು. ಆದರೆ ಸುತ್ತಲಿನ ನೀಲಿ ಬಿಸಿಲಿಗೆ ಮಾಸಿದ್ದರಿಂದ, ಅಕ್ಷರವಿದ್ದ ಜಾಗ ಗಾಢವಾಗಿ ಉಳಿದು ಇನ್ನೂ ಓದಲು ಬರುತ್ತಿತ್ತು. ಅಷ್ಟರಲ್ಲಿ ವರ್ನಾ ತನ್ನ ಲಾರಿ ನಿಲ್ಲಿಸಿ ಇಳಿದು ಬಂದಳು. ಬಾಗಿಲನ್ನು ನೋಡಿದಳು, ತಮ್ಮನನ್ನು ನೋಡಿದಳು. ಆ ಖಾಲಿ ಜಾಗದ ಮೇಲೆ ಅಂಗೈ ಇಟ್ಟಳು.

“ಬೋಳುಬೋಳಾಗಿದೆ,” ಎಂದಳು.

“ನೀನು ವಾಪಸ್ ಬರೋದಾದ್ರೆ, ಅಲ್ಲಿ ನಿನ್ ಹೆಸ್ರೇ ಬರೆಸ್ತೀನಿ,” ಎಂದ ರಾಯ್ಸ್ ನೆಲ ನೋಡುತ್ತ.

ವರ್ನಾ ತಮ್ಮನ ಟೋಪಿಯನ್ನು ಕಣ್ಣಿನವರೆಗೆ ಎಳೆದುಬಿಟ್ಟಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ.

“ಬರಲ್ಲ ಕಣೋ,” ಎಂದು ತನ್ನ ಹೆಸರಿದ್ದ ಬಾಗಿಲು ತೆಗೆದು ಹತ್ತಿದಳು.