ಯಜಮಾನರು ಆರಿಸದ ಕ್ಯಾಮೆರಾ

ಹೋದ ವಾರ ತಂಗಿಯ ಮಗಳು ಸೂಪರ್ ಮಾರ್ಕೆಟ್ಟಿನಿಂದ ಒಂದು ಚಕ್ಕೋತ ತಂದಳು. ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಸ್ಟಿಕ್ಕರ್ ಅಂಟಿಸಿದ್ದರು. ಚಾಕು ಸಿಪ್ಪೆಗೆ ತಾಗಿದ್ದೇ ತಡ, ಸ್ವಲ್ಪ ಕಹಿ ಬೆರೆತ ಆ ಘಮ ಅಡುಗೆಮನೆಯನ್ನೆಲ್ಲ ತುಂಬಿತು. ಇಂಥ ಹೊತ್ತಿನಲ್ಲಿ ಕಣ್ಣು ಒದ್ದೆಯಾಗಬೇಕು. ನನಗೆ ಮಾತ್ರ ಮೊದಲು ಬಂದದ್ದು ಇರಿಟೇಷನ್. ಇಷ್ಟು ವರ್ಷವಾದರೂ ಆರದ ಇರಿಟೇಷನ್...

ಆಗ ನಮ್ಮ ಮನೆ ದೇವನಹಳ್ಳಿಯ ಅಂಚಿನಲ್ಲಿತ್ತು. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಚಕ್ಕೋತ ತೋಟ. ತೋಟ ಮೂವರು ಅಣ್ಣತಮ್ಮಂದಿರದು, ನೋಡಿಕೊಳ್ಳುತ್ತಿದ್ದವರು ಹಿರಿಯಣ್ಣ. ಊರವರ ಹಾಗೆ ನಾನೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆ. ಏರ್‌ಪೋರ್ಟಿನ ಕೆಲಸ ಶುರುವಾಗಿತ್ತು. ಹಗಲೆಲ್ಲ ಮಣ್ಣಿನ ಲಾರಿಗಳು ಓಡಾಡುತ್ತಿದ್ದವು. ಟೀ ಅಂಗಡಿಯಲ್ಲಿ ಕೂತವರೆಲ್ಲ ಬ್ರೋಕರ್‌ಗಳೇ. ಯಜಮಾನರ ತಮ್ಮಂದಿರಿಬ್ಬರೂ ತೋಟವನ್ನು ಲೇಔಟಿಗೆ ಕೊಡಲು ತುದಿಗಾಲಿನಲ್ಲಿ ನಿಂತಿದ್ದಾರೆ, ಮರಗಳು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ಹಾಲು ತರುವವಳು ಹೇಳಿದಳು.

ನನಗೆ ಚಿಕ್ಕಂದಿನಿಂದ ಫೋಟೊದ ಆಸೆ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಬಳಿ ಡಬ್ಬದಂಥ ಕ್ಯಾಮೆರಾ ಇತ್ತು. ಪಿಕ್ನಿಕ್ ದಿನ ಅದನ್ನು ಹಿಡಿದುಕೊಂಡು ನಡೆಯುವ ಭಾಗ್ಯ ನನ್ನದು. ಒಂದು ಸಲವೂ ಒತ್ತಲು ಬಿಡಲಿಲ್ಲ, ಪುಣ್ಯಾತ್ಮೆ. ನಮ್ಮವರು ತೀರಿಕೊಂಡಮೇಲೆ ಮನೆಯಲ್ಲಿ ಟೈಮ್ ಬೇಕಾದಷ್ಟು ಉಳಿಯಿತು. ನನ್ನ ಪೆನ್ಷನ್ನಿಗೆ ಎಟುಕುವ ಸಿಂಪಲ್ಲಾದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಂಡು, ಹೂ ಬಿಟ್ಟ ಚಕ್ಕೋತ ಮರಗಳನ್ನು ಇರುವಾಗಲೇ ತೆಗೆದಿಟ್ಟುಕೊಳ್ಳೋಣ ಅನ್ನಿಸಿತು. ಬೇಲಿಯ ಹತ್ತಿರ ನಿಂತು ಯಜಮಾನರಿಗೆ ಹೇಳಿದೆ.

"ತೆಗೀಲೇಬೇಕು," ಎಂದರು. "ನೀವು ತೆಗೆಯೋಗಂಟ ಒಂದು ಮರಾನೂ ಮುಟ್ಟಾಕಿಲ್ಲ, ಇದು ನನ್ನ ಮಾತು. ಆದ್ರೆ ಮೇಡಮ್ಮೋರೆ, ಆತ್ರಕ್ಕೆ ಯಾವ್ದೋ ಒಂದು ತಗೊಂಡು ಮೋಸ ಹೋಗ್ಬೇಡಿ. ನಾನು ವಿಚಾರಿಸ್ತೀನಿ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮಾರನೆಯ ಬೆಳಿಗ್ಗೆ ಪೇಪರಿನಿಂದ ಹರಿದ ಜಾಹೀರಾತು ಹಿಡಿದು ನಮ್ಮ ಜಗಲಿಯ ಮೇಲೆ ಕೂತರು. ಐದು ಮೆಗಾಪಿಕ್ಸೆಲ್ ಸಾಕು ಎಂದು ನಾನು ತೀರ್ಮಾನಿಸಿದರೆ, ಏಳು ಬರುತ್ತಿದೆಯಂತೆ, ತಡೀರಿ ಎಂದರು. ಏಳು ಬಂದಾಗ ಜೂಮ್ ಕಡಿಮೆಯಾಯಿತು. ಜೂಮ್ ಸರಿಹೋದಾಗ ಬ್ಯಾಟರಿಯ ತಕರಾರು ಎದ್ದಿತು. ಪೆನ್ಸಿಲ್ ಸೆಲ್ಲಿನದಾದರೆ ಬೇಗ ಮುಗಿಯುತ್ತದೆ; ಚಾರ್ಜ್ ಮಾಡುವುದಾದರೆ ಕರೆಂಟ್ ಎಲ್ಲಿದೆ? ಎಲ್ಲವೂ ಕೂಡಿಬಂತು ಅನ್ನುವಾಗ ಆಷಾಢ. ಆಷಾಢ ಕಳೆದು ಹಬ್ಬಗಳು ಮುಗಿಯುವಷ್ಟರಲ್ಲಿ ಪಿತೃಪಕ್ಷ. ಅದೂ ಆಯಿತು ಎಂದರೆ ದೀಪಾವಳಿಗೆ ಆಫರ್ ಬಿಡುತ್ತಾರೆ, ಈಗ ಕೊಂಡವರು ಪೆದ್ದರು. ದೀಪಾವಳಿ ಹೋದಮೇಲೆ ಹೊಸ ವರ್ಷಕ್ಕೆ ಹೊಸ ಮಾಡೆಲ್ ಬರುತ್ತದೆ, ಹಳೆಯದರ ರೇಟು ಬಿದ್ದೇ ಬೀಳುತ್ತದೆ. ಅಷ್ಟರಲ್ಲಿ ಒಂದು ಹೂವಿನ ಕಾಲ ನನ್ನ ಕಿಟಕಿಯ ಮುಂದೆಯೇ ಅರಳಿ, ಉದುರಿ, ಮಣ್ಣಾಯಿತು. ಮುಂದಿನ ವರ್ಷ ಮರಗಳಿರುತ್ತವೋ ಇಲ್ಲವೋ ಎಂದು ನನಗೆ ಒಳಗೊಳಗೇ ಕುದಿತ. ಈ ಮನುಷ್ಯ ಮಾತ್ರ ನಮ್ಮ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದರು.

ಒಮ್ಮೆ ಹಟ ಹಿಡಿದು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋಗೆ ಹೋದೆ. ಅವರೂ ಹಿಂದೆಯೇ ಬಂದರು. ಸ್ಟುಡಿಯೋದವನು ಎರಡು ಕ್ಯಾಮೆರಾ ತೆಗೆದಿಟ್ಟ. ಯಜಮಾನರು ಒಂದನ್ನು ಎತ್ತಿ ಅಲ್ಲಾಡಿಸಿದರು, ಕಿವಿಯ ಹತ್ತಿರ ಹಿಡಿದರು, ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲವಲ್ಲ ಎಂದರು.

"ಯಜಮಾನ್ರೇ, ಅದೇನು ಹಸುನಾ, ಹಲ್ಲು ಹಿಡಿದು ನೋಡಕ್ಕೆ?" ಎಂದ ಅವನು.

"ಹಸು ಆದ್ರೆ ಬಾಯಿ ಬಿಟ್ಟು ತೋರಿಸ್ತದೆ ಕಣಪ್ಪ. ಇದೇನು ತೋರಿಸ್ತದೆ?"

ಸ್ಟುಡಿಯೋದವನು ಎರಡನ್ನೂ ಡಬ್ಬಕ್ಕೆ ಹಾಕಿ ಒಳಗಿಟ್ಟುಬಿಟ್ಟ. ದಾರಿಯುದ್ದಕ್ಕೂ ಸಿಟ್ಟಿನಿಂದ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಅವರಿಗೆ ಅದು ತಿಳಿದ ಹಾಗೂ ಕಾಣಲಿಲ್ಲ.

ಮತ್ತೆ ಮೊಗ್ಗು ಬಂತು. ಒಂದು ಬೆಳಿಗ್ಗೆ ಮರಗಳೆಲ್ಲ ಬಿಳಿಬಿಳಿ. ನನ್ನ ಪೇಷನ್ಸ್ ಮುಗಿದಿತ್ತು. ಯಾರಿಗೂ ಹೇಳದೆ ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಅಂಗಡಿಯ ಹುಡುಗಿ ಮೊದಲು ತೋರಿಸಿದ್ದನ್ನೇ ಕೊಂಡೆ. ಬೆಳ್ಳಿಯ ಬಣ್ಣದ್ದು, ಅಂಗೈಯಗಲ, ಪೆನ್ಸಿಲ್ ಸೆಲ್ಲಿನದೇ. ಮನೆಗೆ ಬರುವಾಗ ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗಿಯಷ್ಟು ಖುಷಿ.

ಮರುದಿನ ಬೇಲಿ ದಾಟಿ ಹೋದೆ. ಯಜಮಾನರು ಪಾತಿ ಸರಿಮಾಡುತ್ತಿದ್ದರು. ನನ್ನ ಕೈ ನೋಡಿ ಗುದ್ದಲಿ ಕೆಳಗಿಟ್ಟರು.

"ತಗೊಂಡೇಬಿಟ್ರಾ," ಎಂದರು.

ಪಂಚೆಗೆ ಕೈ ಒರೆಸಿಕೊಂಡು ಕ್ಯಾಮೆರಾ ಇಸಿದುಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಎಷ್ಟು ಮೆಗಾಪಿಕ್ಸೆಲ್, ಎಷ್ಟು ಜೂಮ್, ಏನೂ ಕೇಳಲಿಲ್ಲ. "ಚೆನ್ನಾಗದೆ," ಎಂದು ವಾಪಸ್ಸು ಕೊಟ್ಟರು. ಅಷ್ಟೇ. ಆಮೇಲೆ ಬಿಸಿಲೇರುವವರೆಗೆ ಒಂದು ಮರವನ್ನೂ ಬಿಡದೆ ನನ್ನನ್ನು ಕರೆದೊಯ್ದರು. ಇದು ಅಪ್ಪ ನೆಟ್ಟಿದ್ದು, ಇದು ಸಿಡಿಲಿನಿಂದ ತಪ್ಪಿಸಿಕೊಂಡಿದ್ದು, ಇದರ ಹಣ್ಣು ಸಪ್ಪೆ ಆದರೂ ನೆರಳು ಒಳ್ಳೆಯದು... ನನ್ನ ಕೈಗೆಟುಕದ ಕೊಂಬೆಯನ್ನು ಬಗ್ಗಿಸಿ ಹಿಡಿದು ನಿಲ್ಲುತ್ತಿದ್ದರು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಕ್ಲಿಕ್ ಮಾಡುತ್ತಲೇ ಇದ್ದೆ.

ಆ ವಾರವೇ ಅವರ ಕಿರಿಯ ತಮ್ಮ ಒಂದು ಬುಟ್ಟಿ ದ್ರಾಕ್ಷಿ ಹಿಡಿದು ಬಾಗಿಲಿಗೆ ಬಂದ. "ಮೇಡಂ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಎರಡು ವರ್ಷದಿಂದ ತೋಟದ ಪತ್ರಕ್ಕೆ ಅಣ್ಣ ಸೈನೇ ಹಾಕಿರ್ಲಿಲ್ಲ. ಪಕ್ಕದ ಮನೆ ಅಮ್ಮಂಗೆ ಮಾತು ಕೊಟ್ಟಿದ್ದೀನಿ, ಅವರು ಫೋಟೊ ತೆಗೆದ್ಮೇಲೇನೇ ಅಂತ ಕೂತ್ಬಿಟ್ಟಿದ್ರು. ಕೊಟ್ಟ ಮಾತು ಮುರೀರಿ ಅನ್ನಕ್ಕೆ ನಮಗೆ ಬಾಯಿ ಬರುತ್ತಾ? ನಿನ್ನೆ ಹಾಕಿದ್ರು."

ದ್ರಾಕ್ಷಿಯನ್ನು ಅಲ್ಲೇ ಇಟ್ಟು ತೋಟಕ್ಕೆ ನಡೆದೆ. ಯಜಮಾನರು ಮರದ ಬುಡದಲ್ಲಿ ಕೂತಿದ್ದರು. ನನಗೆ ಮೈಯೆಲ್ಲ ಉರಿ. "ಒಂದು ಮಾತು ನನಗೆ ಹೇಳಬಾರದಿತ್ತಾ?" ಎಂದೆ. "ಹತ್ತು ವರ್ಷ ಬೇಕಾದರೂ ಕ್ಯಾಮೆರಾ ಕೊಳ್ಳದೆ ಇರುತ್ತಿದ್ದೆನಲ್ಲ."

ಅವರು ನಕ್ಕರು. "ಹೆಂಗೆ ಹೇಳ್ಲಿ ಮೇಡಮ್ಮೋರೆ? ನನ್ನ ತಮ್ಮಂದ್ರು ಬಂದು, ಯಾಕಿನ್ನೂ ತಗೊಂಡಿಲ್ಲ ಅಂತ ಕೇಳಿದ್ರೆ ನೀವು ಸುಳ್ಳು ಹೇಳ್ಬೇಕಾಯ್ತಿತ್ತು. ಕಾನ್ವೆಂಟಲ್ಲಿ ಓದಿದೋರು. ನಿಮ್ಮ ಕೈಲಾಗಾಕಿಲ್ಲ."

ಹೂ ಉದುರುವ ಮೊದಲೇ ಜೆಸಿಬಿ ಬಂತು. ಯಜಮಾನರು ವಿಜಯಪುರದ ಕಡೆ ಮಗಳ ಮನೆಗೆ ಹೋದರು. ವಿಮಾನ ಹಾರಲು ಶುರುವಾದ ಮೇಲೆ ಒಂದು ದಿನ, ಅವರು ಹೋಗಿ ಆಗಲೇ ತಿಥಿಯೂ ಮುಗಿದಿದೆ ಎಂದು ಹಾಲಿನವಳೇ ಹೇಳಿದಳು...

ಕ್ಯಾಮೆರಾ ಈಗಲೂ ಬೀರುವಿನಲ್ಲಿದೆ. ಸೆಲ್ ಸೋರಿ ಒಳಗೆಲ್ಲ ಹಸಿರು ಕಿಲುಬು. ಪ್ರಿಂಟ್ ಹಾಕಿಸಿದ ಒಂದು ಫೋಟೊ ಮಾತ್ರ ಗೋಡೆಯ ಮೇಲಿದೆ: ಬಗ್ಗಿಸಿದ ಕೊಂಬೆ, ಬಿಳಿ ಹೂ, ಕೊಂಬೆ ಹಿಡಿದ ಒಂದು ಕೈ. ಮುಖ ಬಂದಿಲ್ಲ. ತಂಗಿಯ ಮಗಳು ಚಕ್ಕೋತದ ತೊಳೆ ಬಿಡಿಸಿ ಕೊಟ್ಟಳು. ಬರೀ ಸಪ್ಪೆ. ಬಾಯಲ್ಲಿ ಇಟ್ಟುಕೊಂಡೇ ಆ ಕೈಯನ್ನು ನೋಡಿದೆ. ನೋಡಿದಾಗಲೆಲ್ಲ ಅದೇ ಸಿಟ್ಟು.

ಹೇಳುತ್ತಿದ್ದೆ, ಯಜಮಾನ್ರೇ. ನಿಮ್ಮ ತಮ್ಮಂದಿರ ಎದುರು ನಿಂತು, ಆಷಾಢ ಕಳೆಯಲಿ ಎಂದು ಚೆನ್ನಾಗಿಯೇ ಸುಳ್ಳು ಹೇಳುತ್ತಿದ್ದೆ. ನೀವು ಕೇಳಬೇಕಿತ್ತು.