ಗಿರಿಜಾದೇವಿಯ ಎಡಗೈ

ಗಿರಿಜಾದೇವಿ ಹಿಡಿದ ಮೊಲಕ್ಕೆ ಮೂರೇ ಕಾಲು. ಕೊಟ್ಟೂರಿನಿಂದ ಮದುವೆಯಾಗಿ ತಮಿಳು ಸೀಮೆಯ ಸೌಕಾರ್‌ಪೇಟೆಗೆ ಬಂದು ಮೂವತ್ತೆಂಟು ವರ್ಷವಾಯಿತು. ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು ಪೂಜಿಸದೆ ಆಕೆ ಒಂದು ದಿನವೂ ಗುಟುಕು ನೀರು ಕುಡಿದವಳಲ್ಲ. ಸೀರೆ ಅಂಗಡಿಯ ಗಂಡ ಕೊಟ್ರಪ್ಪನ ಪೂಜೆ ಸೋಮವಾರ ಮಾತ್ರ, ಅದೂ ಅವಸರದ್ದು.

ಆರು ವರ್ಷದ ಹಿಂದೆ ಆಕೆಯ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೂಜಿ ಚುಚ್ಚಲು ಎಡಗೈಯ ರಕ್ತನಾಳ ಸಜ್ಜು ಮಾಡುತ್ತೇವೆಂದರೆ, ಅದು ಲಿಂಗದ ಕೈ, ಬಲಗೈ ತಗೊಳ್ಳಿ ಎಂದು ಖಡಾಖಂಡಿತ ಹೇಳಿದ್ದಳು. ಅಷ್ಟು ಕಾಯ್ದುಕೊಂಡ ಕೈಗೇ, ನೋಡಿ, ಗ್ರಹಚಾರ ವಕ್ಕರಿಸಿತು. ಮೊಣಕೈ ಸುತ್ತ ಗಂಟೆದ್ದು, ನಿಂಬೆಹಣ್ಣಿನಷ್ಟಾಗಿ, ಕಲ್ಲಿನಂತೆ ಬಿಗಿಯಿತು.

ರಕ್ತದಲ್ಲಿ ರಂಜಕ, ಅಂದರೆ ಫಾಸ್ಫರಸ್, ಏರಿ, ಸುಣ್ಣ ಕೀಲಿನ ಸುತ್ತ ಕೂತಿದೆ ಎಂದರು ಡಾಕ್ಟರು. ರಂಜಕ ಇಳಿಸುವ ಗುಳಿಗೆ ಹೇಗೆ ನುಂಗುತ್ತೀರಿ ಎಂದೂ ಕೇಳಿದರು. ಗಿರಿಜಾದೇವಿ ಹೆಮ್ಮೆಯಿಂದ ಮಗಳತ್ತ ತಿರುಗಿದಳು.

"ಹೇಳವ್ವ ಕೋಮಲಾ. ದಿನದ ಮೂರೂ ಒಮ್ಮೆಗೇ, ಪೂಜಿ ಮುಗಿಸಿ, ಪಾದೋದಕದ ಜೋಡಿ. ಊಟ ಆಮ್ಯಾಲೆ. ಒಂದಿನಾನೂ ತಪ್ಪಿಸಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಗುಳಿಗೆ ಪ್ರತಿ ಊಟದ ತುತ್ತಿನ ಜೊತೆ ಹೋದರಷ್ಟೇ ಅನ್ನದ ರಂಜಕವನ್ನು ಹಿಡಿದು ಹೊರಹಾಕುತ್ತದೆ. ಬರಿ ಹೊಟ್ಟೆಗೆ ನುಂಗಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆರು ವರ್ಷದ ಶ್ರದ್ಧೆಯೇ ಮೊಣಕೈಯಲ್ಲಿ ಗಂಟು ಕಟ್ಟಿತ್ತು.

ಮರುದಿನ ಮೊಣಕೈ ಮಡಚಲೇ ಇಲ್ಲ. ಲಿಂಗ ಹಿಡಿದ ಕೈ ತೊಡೆಯ ಮೇಲೆ ಸೆಟೆದು ಬಿದ್ದಿತ್ತು.

"ಎದಿಮಟ್ಟಕ್ಕ ಬರದಿದ್ರ ಅದೆಂಥಾ ಪೂಜಿ? ಪೂಜಿ ಇಲ್ದ ಊಟ ನನಗ ಬ್ಯಾಡ."

"ನಾ ಹಿಡಕೊಂತೀನಿ, ನೀ ಪೂಜಿ ಮಾಡು," ಎಂದ ಕೊಟ್ರಪ್ಪ.

"ನನ್ನ ಲಿಂಗ ನಿಮ್ಮ ಕೈಯಾಗ? ಶಿವಶಿವಾ!"

ಎರಡು ದಿನ ಉಪವಾಸ. ಊಟವಿಲ್ಲದೆ ಗುಳಿಗೆಯೂ ಇಲ್ಲ. ಡಯಾಲಿಸಿಸ್ ನಡುವೆ ರಕ್ತದೊತ್ತಡ ಕುಸಿದು ಕಣ್ಣು ಮೇಲಾದವು. ಹೀಗೇ ಆದರೆ ಜೀವಕ್ಕೆ ಅಪಾಯ ಎಂದು ನರ್ಸ್ ಗದರಿಸಿ ಕಳಿಸಿದಳು.

ಮೂರನೆಯ ಬೆಳಿಗ್ಗೆ ಕೋಮಲಾ ತಾಯಿಯ ಮುಂದೆ ಕುಸಿದು ಕೂತು ಗಳಗಳನೆ ಅತ್ತಳು. "ಕೊಂಜಂ ಸಾಪ್ಡುಮ್ಮಾ! ಒಂಚೂರು ಉಣ್ಣಮ್ಮಾ! ನೀ ಹೋದ್ರ ನಾ ಯಾರಿಗೆ ಅಮ್ಮಾ ಅನ್ಲಿ?"

ಗಿರಿಜಾದೇವಿ ಮಗಳ ಕಣ್ಣೊರೆಸಿದಳು. ಲಿಂಗವನ್ನು ಅಂಗೈಯಲ್ಲಿಟ್ಟು ಎತ್ತಲು ಹೋದಳು. ಕೈ ಏಳಲಿಲ್ಲ. ಆಗ ತಾನೇ ಸೊಂಟ ಬಗ್ಗಿಸಿ, ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿ, ಕಣ್ಣನ್ನು ಲಿಂಗದ ಹತ್ತಿರ ಒಯ್ದಳು. ಬಲಗೈಯಿಂದ ವಿಭೂತಿ ಹಚ್ಚಿದಳು.

"ತಪ್ಪು ನಂದೇ, ನನ್ನಪ್ಪಾ," ಎಂದು ಬಿಕ್ಕಿದಳು.

ಬಾಗಿದಲ್ಲಿಂದ ಏಳಲು ಬಹಳ ಹೊತ್ತು ಹಿಡಿಯಿತು. ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಕೋಮಲಾ, ತಾಟು ಹಾಕವ್ವ. ಗುಳಿಗಿ ತುತ್ತಿನ ಜೋಡಿ ಕೊಡು. ಭಾಳ ಹಸಿವಾಗೈತಿ."