ಸಿಕ್ಕಿದವನ ಹೆಸರು

ನನ್ನ ತಾತನ ಹೆಸರು ತಿಪ್ಪಣ್ಣ. ಈ ದೇಶಕ್ಕೆ ಬಂದ ಮೇಲೆ ಅದರ ಅರ್ಥವನ್ನು ನಾನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ನನ್ನ ಹೆಸರಿನ ನಡುವಿನ ‘ಟಿ’ ಏನೆಂದು ಆಫೀಸಿನಲ್ಲಿ ಕೇಳಿದರೆ, ನಮ್ಮ ಕಡೆಯ ಒಬ್ಬ ಸಂತನ ಹೆಸರು ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಕಾರಿನ ಬಾಗಿಲುಗಳ ಸಂದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಕೆಲಸ ನನ್ನದು. ಪೂರ್ತಿ ಸುಳ್ಳು ನನಗೆ ಒಗ್ಗುವುದಿಲ್ಲ.

ನಿಜ ಇಷ್ಟು. ತಾತನಿಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲ. ನಾಲ್ಕನೆಯವನನ್ನು ತಿಪ್ಪೆಯ ಮೇಲೆ ಮಲಗಿಸಿದರು. ನೆರೆಮನೆಯವಳು ಎತ್ತಿಕೊಂಡು ಹೋಗಿ, ಒಂದು ಮೊರ ತವುಡು ಪಡೆದು ಹಿಂದಕ್ಕೆ ಕೊಟ್ಟಳು. ಯಾರಿಗೂ ಬೇಡದ ಮಗು ಎಂದು ಸಾವು ನಂಬಿತೋ ಏನೋ, ತಾತ ಎಂಬತ್ತೆರಡು ವರ್ಷ ಬದುಕಿದ.

ಇಲ್ಲಿ ನಾವಿರುವ ಊರು ವಾರೆನ್‌ನಲ್ಲಿ ನಮ್ಮ ಪಕ್ಕದ ಮನೆಯಾತ ಮ್ಯಾಸಿಡೋನಿಯಾದಿಂದ ಬಂದು, ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಸೆಪ್ಟೆಂಬರ್ ಬಂತೆಂದರೆ ವರ್ಷದ ಚಟ್ನಿಗೆಂದು ಗರಾಜಿನಲ್ಲಿ ಮೂಟೆಗಟ್ಟಲೆ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಾನೆ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನನ್ನ ಅಮ್ಮ ಆ ಘಾಟಿನ ಜಾಡು ಹಿಡಿದೇ ಅವನ ಪರಿಚಯ ಮಾಡಿಕೊಂಡಳು. ಹೆಸರು ನಾಯ್ಡೆನ್. ಅವನ ಜನರಲ್ಲೂ ಈಗ ಅಪರೂಪವಂತೆ. ಅರ್ಥ ‘ಸಿಕ್ಕಿದವನು’. ರಷ್ಯದವರೆಗೂ ಅವನ ಭಾಷೆಯ ಕುಟುಂಬದಲ್ಲೆಲ್ಲ ಇದೇ ಬೇರಿನ ಮಾತುಗಳಿವೆಯೆಂದು ಲೈಬ್ರರಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡೆ. ಮಕ್ಕಳು ಉಳಿಯದ ಮನೆಯವರು ಕೂಸನ್ನು ದಾರಿಯಲ್ಲಿಟ್ಟು ಮುಖ ತಿರುಗಿಸುತ್ತಿದ್ದರಂತೆ. ಮೊದಲು ಕಂಡವನು ಎತ್ತಿಕೊಂಡು ಹೆಸರಿಡುತ್ತಿದ್ದ. ನಾನಿದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನಿಗೇನೂ ಆಶ್ಚರ್ಯವಾಗಲಿಲ್ಲ.

“ಮತ್ತೆ, ಇವನೂ ತಿಪ್ಪಣ್ಣನೇ ಕಣೋ,” ಎಂದಳು.

ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮೊದಲ ಮಗು ಮೂರು ದಿನ ಬದುಕಿತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ. ಎರಡನೆಯವನು ಎರಡು ತಿಂಗಳು ಮುಂಚೆಯೇ ಬಂದು, ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಹೆಸರಿಡಲು ನಮಗೆ ಧೈರ್ಯ ಬರಲಿಲ್ಲ. ಮನೆಗೆ ಕರೆತಂದ ಮಾರನೆಯ ದಿನ ಗುರುವಾರ, ಕಸದ ಲಾರಿ ಬರುವ ದಿನ. ಅಮ್ಮ ಕಿಟಕಿಯ ಬಳಿ ನಿಂತು, ರಸ್ತೆಯಂಚಿನ ಕಸದ ಡಬ್ಬಿಗಳನ್ನು ನೋಡುತ್ತಿದ್ದಳು.

“ಈ ಊರಾಗೆ ತಿಪ್ಪೆ ಅನ್ನೋದೇ ಇಲ್ವೇನೋ?”

“ಇಲ್ಲಮ್ಮ.”

“ಮತ್ತೆ ಎಲ್ರ ಮನೆ ಮುಂದೆ ನಿಂತೈತಲ್ಲ, ಅದೇನು?”

ನನ್ನ ಹೆಂಡತಿ ಶೈಲಾ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಅವಳು ನಗುತ್ತಾಳೆಂದು ಕಾದೆ. ಅವಳು, “ಟೋಪಿ ಹಾಕಿ ಅತ್ತೆ. ಕಾರ್ ಸೀಟಲ್ಲೇ ಇರ್ಲಿ. ಎರಡೇ ನಿಮಿಷ,” ಎಂದು ನನ್ನ ಕಡೆ ತಿರುಗಿ, “ರೀ, ಪಕ್ಕದ್ಮನೆಯವರಿಗೆ ಫೋನ್ ಮಾಡಿ,” ಎಂದಳು.

ಹೊರಗೆ ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಊರಿನ ಲೆಕ್ಕದಲ್ಲಿ ಹನ್ನೊಂದು; ಗಾಳಿ ಇರಲಿಲ್ಲ. ಕಸದ ಡಬ್ಬಿಯಿಂದ ಒಂದೂವರೆ ಅಡಿ ದೂರದ ಹುಲ್ಲಿನ ಮೇಲೆ, ಕಾರಿನಿಂದ ಬುಟ್ಟಿಯಂತೆ ಎತ್ತಿ ತರಬಹುದಾದ ಆ ಸೀಟನ್ನು ಮಗುವಿನ ಸಮೇತ ಇಟ್ಟು, ಮೂವರೂ ಗರಾಜಿನ ಬಾಗಿಲಲ್ಲಿ ರಸ್ತೆಗೆ ಬೆನ್ನು ಮಾಡಿ ನಿಂತೆವು. ಹತ್ತು ಗಂಟೆಗೆ ಬರಬೇಕಾದ ಲಾರಿ ಒಂಬತ್ತೂ ನಲವತ್ತಕ್ಕೇ ನಮ್ಮ ಬೀದಿಗೆ ತಿರುಗಿತು. ಎಲ್ಲವನ್ನೂ ಅಳೆಯುವ ನಾನು ಇದೊಂದನ್ನು ಎಣಿಸಿರಲಿಲ್ಲ. ನಾನು ತಿರುಗಿದೆ, ನನಗಿಂತ ಮೊದಲೇ ಶೈಲಾ ಓಡಿದ್ದಳು.

ನಾಯ್ಡೆನ್ ಚಪ್ಪಲಿಯಲ್ಲೇ ಹುಲ್ಲು ದಾಟಿ ಬರುತ್ತಿದ್ದ. ಅವಸರವಿಲ್ಲದೆ ಒಂದು ಅಂಗೈ ಎತ್ತಿ ಲಾರಿ ನಿಲ್ಲಿಸಿದ. ಸೀಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

“ಇದು ನಿನ್ನದಲ್ಲ, ನನಗೆ ಸಿಕ್ಕಿದ್ದು,” ಎಂದು ಡ್ರೈವರನಿಗೆ ಹೇಳಿ, ನಮ್ಮ ಕಡೆ ನೋಡದೆ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಏಳು ನಿಮಿಷ. ನಾನು ಗಡಿಯಾರ ನೋಡುತ್ತಾ ನಿಂತೆ. ಆಮೇಲೆ ಅಮ್ಮ, ಮೊರವೂ ತವುಡೂ ಇಲ್ಲದ್ದರಿಂದ, ಬೆಳಗಿನ ತಿಂಡಿಗೆ ನಾನು ತಿನ್ನುವ ಗೋಧಿ ತವುಡಿನ ಡಬ್ಬವನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಹೋಗಿ ಬಾಗಿಲು ತಟ್ಟಿದಳು. ಮಗು ಹೆಸರಿನೊಂದಿಗೆ ವಾಪಸಾಯಿತು.

ನಮ್ಮ ನಾಯ್ಡೆನ್‌ಗೆ ಈಗ ಆರು ವರ್ಷ. ಹೆಸರಿನ ಅರ್ಥ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಮೊದಲ ಬಾರಿಗೆ ಎಲ್ಲವನ್ನೂ, ತಿಪ್ಪೆಯನ್ನೂ ಬಿಡದೆ, ಹೇಳಿದೆ. ಅವನು ಪೆನ್ಸಿಲ್ ಕಚ್ಚುತ್ತಾ ಕೇಳಿಸಿಕೊಂಡು, “ಬಟ್ ಡ್ಯಾಡ್, ಹೂ ಲಾಸ್ಟ್ ಮಿ?” ಎಂದ.

“ಯಾರೂ ನಿನ್ನನ್ನ ಕಳ್ಕೊಂಡಿರಲಿಲ್ಲ ಕಂದ. ಹಾಗಂತ ತೋರಿಸಿಕೊಂಡ್ವಿ, ಅಷ್ಟೆ,” ಎಂದೆ.

ಅವನು ಅದನ್ನು ಬರೆದುಕೊಂಡ. ಗುರುವಾರಗಳಂದು ನಾನು ಈಗಲೂ ಡಬ್ಬಿಯನ್ನು ರಸ್ತೆಯಂಚಿಗೆ ಇಟ್ಟು, ಲಾರಿ ನಮ್ಮ ಬೀದಿ ದಾಟುವವರೆಗೆ ಅಲ್ಲೇ ನಿಂತಿರುತ್ತೇನೆ. ಆಫೀಸಿಗೆ ಇಪ್ಪತ್ತು ನಿಮಿಷ ತಡವಾಗುತ್ತದೆ.